ಥೆಕ್ಲಾಳ ಎರಡನೇ ಕುರ್ಚಿ

ರೈಲು ನಿಂತುಹೋದ ಹಾದಿಯ ಕಂಬಿ ಕಿತ್ತು, ಜಲ್ಲಿಪುಡಿ ಹಾಸಿ, ಸೈಕಲ್ ಹೊಡೆಯುವವರಿಗೆ ದಾರಿ ಮಾಡಿದರು. ಅದಕ್ಕೆ ಥೆಕ್ಲಾಳ ತಕರಾರೇನೂ ಇರಲಿಲ್ಲ. ಆದರೆ ಸೈಕಲ್ ಹೊತ್ತು ತರುವ ಕಾರುಗಳಿಗೆ ಜಾಗ ಬೇಕಲ್ಲ, ಆ ಪುಣ್ಯಾತ್ಮರು ಹೋಗಿ ಹೋಗಿ ವೆಲ್ಡನ್ ಊರಿನ ಮೇಲೆ ಡಾಂಬರು ಸುರಿದರು. ವೆಲ್ಡನ್ ಎಂದರೆ ಈಗ ಒಂದಿಷ್ಟು ಪೊದೆ, ಅಡಿಪಾಯದ ಕಲ್ಲು, ಮತ್ತು ಊರಿಗಿಂತ ಹಳೆಯದಾದ, ಹಿಂದೆ ಕಬ್ಬಿಣ ಕರಗಿಸುತ್ತಿದ್ದ, ಮನೆಯೆತ್ತರದ ಒಂದು ಕಲ್ಲಿನ ಕುಲುಮೆ. ಕಲ್ಲಿದ್ದಲ ಗಣಿ ಮುಚ್ಚಿದಾಗ ಕಂಪನಿಯವರು ಮನೆಗಳನ್ನು ಹಲಗೆಗೆಂದು ಮಾರಿ ಕೈತೊಳೆದುಕೊಂಡಿದ್ದರು. ಥೆಕ್ಲಾ ಹುಟ್ಟಿ ಬೆಳೆದ ಮನೆಯ ಅಡುಗೆಕೋಣೆ ಎರಡು ಬಿಳಿ ಗೆರೆಗಳ ನಡುವೆ ಒಂದು ಕಾರಿನ ಜಾಗವಾಗಿತ್ತು.

ಆಕೆ ಜಗಳಕ್ಕೆ ಹೋಗಲಿಲ್ಲ. ಎರಡು ಹಳೆ ಕುರ್ಚಿ ತಂದು ಆ ಗೆರೆಗಳ ನಡುವೆ ಇಟ್ಟು, ಒಂದರಲ್ಲಿ ಕುಳಿತಳು. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಅಷ್ಟು ಸಾಕು. ಹಿಮ ಬಾಚಿ ಜಾಗ ಮಾಡಿಕೊಂಡವರು ಅಲ್ಲೊಂದು ಕುರ್ಚಿ ಇಟ್ಟು ಹೋದರೆ ಇನ್ನೊಬ್ಬರು ಅಲ್ಲಿ ಕಾರು ನಿಲ್ಲಿಸುವುದಿಲ್ಲ. ಕಾನೂನಲ್ಲ, ಕಾನೂನನ್ನಾದರೂ ಜನ ಮುರಿದಾರು.

ಸುದ್ದಿ ಹಬ್ಬಿತು. ವೆಲ್ಡನ್‌ನಲ್ಲಿ ಹುಟ್ಟಿ ಇನ್ನೂ ಬದುಕಿದ್ದವರೆಲ್ಲ ಕುರ್ಚಿ ಹೊತ್ತು ಬಂದು ತಂತಮ್ಮ ಮನೆಯ ಜಾಗ ಹುಡುಕಿ ಕುಳಿತರು. ಸತ್ತ ಊರು ಎದ್ದು ಕುಳಿತಿತು. ಜೊತೆಗೆ ಹಳೇ ಜಗಳಗಳೂ. ಪಕ್ಕದ ಮನೆಯ ಫಿಲೊಮಿನಾ ತನ್ನ ಕುರ್ಚಿಯನ್ನು ಗೆರೆಯಿಂದ ಒಂದು ಗೇಣು ಈಚೆಗೇ ಇಟ್ಟಳು.

"ನಿಮ್ಮಪ್ಪನ ಕೋಳಿಗೂಡೂ ಹೀಗೇ ನಮ್ಮ ಹಿತ್ತಲಿಗೆ ಬಂದಿದ್ದು," ಎಂದಳು ಥೆಕ್ಲಾ.

"ಮೊಟ್ಟೆ ನಿಮ್ಮಮ್ಮನ ಕೈಗೆ ಸಿಗಲಿ ಅಂತ ಕಣೇ. ಪಾಪ, ಕದಿಯೋಕೆ ದೂರ ಆಗ್ತಿತ್ತು," ಎಂದಳು ಫಿಲೊಮಿನಾ.

ಉದ್ಘಾಟನೆಯ ದಿನ ಬೆಳಿಗ್ಗೆ ಕಾರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದವು. ದಾರಿಯ ಉಸ್ತುವಾರಿಯ ಡೆಲ್ಬರ್ಟ್ ಬೆವರೊರೆಸುತ್ತ ಬಂದ. ಆ ಸೀಮೆಯ ಹಿರಿಯ ಹೆಂಗಸರೆಲ್ಲ ಅವನಿಗೆ ತೇತಾ, ಅಂದರೆ ಅತ್ತೆ.

"ತೇತಾ, ದಮ್ಮಯ್ಯ, ಕುರ್ಚಿ ಎತ್ತಿ."

"ನೀನೇ ಎತ್ತು."

"ನಾನು ಎತ್ತಕ್ಕಾಗುತ್ತಾ? ನಾನೂ ಈ ಸೀಮೇಲೇ ಹುಟ್ಟಿದೋನು. ಹೋಗ್ಲಿ, ಒಬ್ರಿಗೆ ಎರಡು ಯಾಕೆ?"

"ಅದು ನನ್ನ ಚೀಲಕ್ಕೆ."

ಫಿಲೊಮಿನಾ ಡೆಲ್ಬರ್ಟನ ತೋಳು ಜಗ್ಗಿ ಕಿವಿಯಲ್ಲಿ ಹೇಳಿದಳು, "ಚೀಲಕ್ಕಲ್ಲ, ಅವಳ ತಮ್ಮನಿಗೆ. ಅವನು ಬಂದು ಕೂತ್ರೆ ಇವಳು ಏಳ್ತಾಳೆ. ಇವಳು ಎದ್ರೆ ನಾವೂ ಏಳ್ತೀವಿ."

ತಮ್ಮ ದೂರವೇನೂ ಇರಲಿಲ್ಲ. ಕೂಗಳತೆಯಲ್ಲಿ, ತಣ್ಣಗಾಗಿ ನೂರು ವರ್ಷ ದಾಟಿದ ಕುಲುಮೆಯ ಬಾಯಲ್ಲಿ, ಬುತ್ತಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ವಾಸಿಲ್ ವಾರದಿಂದ ಕುಳಿತಿದ್ದ. ಚಿಕ್ಕಂದಿನಲ್ಲಿ ಅಪ್ಪನ ಏಟು ತಪ್ಪಿಸಿಕೊಳ್ಳಲು ಇಬ್ಬರೂ ಅಡಗುತ್ತಿದ್ದ ಜಾಗ ಅದು. ಥೆಕ್ಲಾ ಮೊದಲ ದಿನವೇ ನೋಡಿ, ನೋಡದವಳಂತೆ ಇದ್ದಳು.

ಗಣಿ ಮುಚ್ಚಿದಾಗ ಅವರ ಮನೆಯ ಹಲಗೆ ಕೊಂಡವನು ವಾಸಿಲ್ಲನೇ. ಅವಳಿಗೊಂದು ಮಾತೂ ಹೇಳದೆ, ಒಳಗೆ ಅವಳು ಪಿರೋಹಿ ಬೇಯಿಸುತ್ತಿದ್ದಾಗಲೇ ಮಾಡು ಬಿಚ್ಚತೊಡಗಿದ್ದ. ಆಲೂಗಡ್ಡೆ ತುಂಬಿದ ಕಡುಬು ಕುದಿಯುವ ಪಾತ್ರೆಗೆ ಹಿಮ ಬಿತ್ತು. "ಇನ್ನು ನನ್ನ ಮನೆ ಹೊಸಿಲು ತುಳೀಬೇಡ," ಎಂದಿದ್ದಳು. ಸಂಜೆಯೊಳಗೆ ಆ ಹೊಸಿಲೂ ಲಾರಿ ಹತ್ತಿತು. ಆದರೂ ವಾಸಿಲ್ ಮಾತು ಮೀರಲಿಲ್ಲ. ಅವಳ ಮದುವೆಯ ಔತಣಕ್ಕೆ ಬಂದವನು ಬೀದಿಯಲ್ಲೇ ನಿಂತ, ಅವಳ ಗಂಡ ಸತ್ತಾಗಲೂ ಬೀದಿಯಲ್ಲೇ ನಿಂತ.

ಡೆಲ್ಬರ್ಟ್ ಕುಲುಮೆಗೆ ಹೋಗಿ ಬಂದ.

"ಅಕ್ಕ ಮನೆಗೆ ಬರಬೇಡ ಅಂದಿದ್ದಾಳೆ, ಅಂತಾರೆ."

"ಇಲ್ಲಿ ಮನೆ ಎಲ್ಲಿದೆಯಂತೆ?"

"ನಾನೂ ಅದನ್ನೇ ಕೇಳಿದೆ. ಮನೆ ಇಲ್ದಿದ್ರೆ ಅವಳು ಯಾವುದರೊಳಗೆ ಕೂತಿದ್ದಾಳೆ ಅಂದ್ರು."

ಬಾ ಅನ್ನು ಎಂದು ಥೆಕ್ಲಾಳ ಮನಸ್ಸು ಬೇಡಿಕೊಂಡಿತು. ಹಾಳು ನಾಲಿಗೆ ಬೇರೆಯದನ್ನೇ ಆಡಿತು.

"ಬಾಗಿಲೇ ಇಲ್ದಿರೋ ಮನೆಗೆ ಒಳಗೆ ಬಾ ಅಂತ ಹೇಗೋ ಕರೀಲಿ? ಬಾಗಿಲು ಬಿಚ್ಕೊಂಡು ಹೋದೋನು ಅವನು. ಹೋಗಿ ಹೇಳು."

ಡೆಲ್ಬರ್ಟ್ ಹೋಗಿ ಹೇಳಿದ. ವಾಸಿಲ್ ಎದ್ದ, ಡಬ್ಬಿ ಮುಚ್ಚಿದ, ತನ್ನ ಪುಟ್ಟ ಟ್ರಕ್ಕು ಹತ್ತಿ ಹೊರಟೇಹೋದ. ಕುಲುಮೆಯ ಬಾಯಿ ಬರಿದಾಯಿತು. ಥೆಕ್ಲಾ ತನ್ನ ನಾಲಿಗೆಗೆ ತಾನೇ ಶಾಪ ಹಾಕಿಕೊಂಡಳು. ಫಿಲೊಮಿನಾ ತನ್ನ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದಳು.

ಟ್ರಕ್ಕು ಮರಳಿ ಬಂತು. ಅದರಲ್ಲೊಂದು ಹಸಿರು ಬಾಗಿಲು, ಅವರ ಹಳೇ ಮನೆಯದೇ. ಇಷ್ಟು ವರ್ಷ ವಾಸಿಲ್ಲನ ಪಾರಿವಾಳ ಸಾಕುವ ಕೊಟ್ಟಿಗೆಗೆ ಬಾಗಿಲಾಗಿದ್ದುದು. ಅವನು ಏದುಸಿರು ಬಿಡುತ್ತ ಅದನ್ನಿಳಿಸಿ, ಬಿಳಿ ಗೆರೆಗಳ ನಡುವೆ ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಹಿಡಿದುಕೊಂಡು ತಟ್ಟಿದ. ಎಡಕ್ಕೂ ಬಲಕ್ಕೂ ಬರೀ ಬಯಲು.

"ಯಾರು?" ಎಂದಳು ಥೆಕ್ಲಾ.

"ನಾನು ಕಣಕ್ಕ, ವಾಸಿಲ್. ಒಳಗೆ ಬರ್ಲಾ?"

"ಕಾಲು ಒರೆಸ್ಕೊಂಡು ಬಾ."

ಬೂಟು ಡಾಂಬರಿಗೆ ಉಜ್ಜುವ ಸದ್ದಾಯಿತು. ಆದರೆ ಬಾಗಿಲು ಅಲ್ಲಾಡಲಿಲ್ಲ.

"ಬಾರೋ, ಮತ್ತೇನು?"

"ಹೇಗೆ ಬರ್ಲಿ? ಕೈಬಿಟ್ರೆ ನಿನ್ನ ಮೇಲೆ ಬೀಳತ್ತೆ."

ಅವಳು ಎದ್ದು ಬಂದು ಬಾಗಿಲಿನ ಅಂಚು ಹಿಡಿದಳು. "ನಾನು ಹಿಡ್ಕೊಂಡಿದ್ದೀನಿ. ಬಾ."

ಪಕ್ಕದಿಂದ ಸುತ್ತಿ ಬರಬಹುದಿತ್ತು, ಬರಲಿಲ್ಲ. ಅವಳು ಅಷ್ಟು ಭಾರದ ಬಾಗಿಲನ್ನು ಓರೆಯಾಗಿ ತಿರುಗಿಸುವವರೆಗೂ ಕಾದು, ಟೋಪಿ ತೆಗೆದು ಒಳಗೆ ಬಂದ. ಕುರ್ಚಿಯ ಮೇಲಿದ್ದ ಚೀಲವನ್ನು ತೊಡೆಗೆ ತೆಗೆದುಕೊಂಡು ಕುಳಿತ.

"ಮಾಡು ಬಿಚ್ಚೋ ಮುಂಚೆ ನಿನ್ನನ್ನ ಕೇಳ್ಬೇಕಿತ್ತು ಕಣಕ್ಕ."

"ಡೆಲ್ಬರ್ಟ್," ಎಂದಳು ಥೆಕ್ಲಾ, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ, "ಹಾಗೇನು ನೋಡ್ತೀಯ? ಬಾಗಿಲು ಹಿಡಿ."

ಡೆಲ್ಬರ್ಟ್ ಹಿಡಿದ. ಅವಳು ತಮ್ಮನ ಎದುರಿಗೆ ಕುಳಿತು ಚೀಲದಿಂದ ಪಿರೋಹಿಯ ಡಬ್ಬಿ ತೆಗೆದಳು. ವಾರದಿಂದ ದಿನಾ ಬೆಳಿಗ್ಗೆ ಬೇಯಿಸಿ ತಂದು, ಸಂಜೆ ಹಾಗೇ ಹೊತ್ತೊಯ್ಯುತ್ತಿದ್ದಳು.

ರಸ್ತೆಯಲ್ಲಿ ಹಾರ್ನುಗಳ ಗದ್ದಲ. ಮೊದಲ ಕಾರಿನವನು ಸಿಟ್ಟಿನಿಂದ ಇಳಿದು ಬಿರಬಿರನೆ ಬಂದ. ಹಸಿರು ಬಾಗಿಲಿನೆದುರು ಬಂದವನು ತಡೆದು ನಿಂತ. ಆಮೇಲೆ ತಲೆಯ ಮೇಲಿದ್ದ ಸೈಕಲ್ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಮೆಲ್ಲಗೆ ತಟ್ಟಿದ.

ಥೆಕ್ಲಾ ಬಾಯಿ ತುಂಬ ತಿನ್ನುತ್ತಿದ್ದ ತಮ್ಮನನ್ನು ನೋಡಿದಳು.

"ಮನೇಲಿ ಊಟಕ್ಕೆ ಕೂತಿದ್ದೀವಿ," ಎಂದು ಕೂಗಿದಳು. "ಆಮೇಲೆ ಬನ್ನಿ."