ಬರೀ ಓಕೆ

ಕಾಫಿ ತಣ್ಣಗಾದರೂ ಆರ್ಡಿತ್‌ಳ ಸಿಟ್ಟು ತಣ್ಣಗಾಗಲಿಲ್ಲ. ಎದುರಿಗೆ ಕೂತ ಆರ್ವಿಲ್ ಫ್ರೀಸನ್ ನಿಧಾನವಾಗಿ ಪೆರೋಗಿ ಕಡುಬು ತಿನ್ನುತ್ತಿದ್ದ. ಮೂಸ್‌ಜಾ ಊರಿನ ಅನಾಥ ನಾಯಿಗಳ ಆಶ್ರಯಧಾಮದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ಅವಳ ಕೆಲಸ; ಅದರೊಳಗಿನ ಡೇಟಾಬೇಸ್ ಅವನ ಕೂಸು. ಸುತ್ತಲಿನ ಗೋಧಿ ಕಣಜಗಳೂ ಅದನ್ನೇ ಬಳಸುತ್ತಿದ್ದವು. ಅದರಲ್ಲಿ ಒಂದಕ್ಷರ ಬದಲಾಗಬೇಕಾದರೂ ಅವನು ಹೂಂ ಅನ್ನಬೇಕು.

"ಟಿಲ್ಲಿ ಸತ್ತಳು, ಆರ್ವಿಲ್."

"ಕೇಳಿದೆ. ಪಾಪ."

"ಪಾಪ ಅಂದ್ರೆ ಮುಗೀತಾ?"

ಟಿಲ್ಲಿ ಮೂರು ಕಾಲಿನ ನಾಯಿ. ನಿವೃತ್ತ ಬಸ್ ಡ್ರೈವರೊಬ್ಬ ಸಾಕಿಕೊಳ್ಳಲು ಒಪ್ಪಿದ್ದ. ಸೂಜಿ ಚುಚ್ಚಿ ಸಾಯಿಸುವ ನಾಯಿಗಳ ಪಟ್ಟಿಯಿಂದ ಅವಳನ್ನು ಅಳಿಸಲು ಹೋದ ಕೌಂಟರಿನಾಕೆ ನಂಬರಿನಲ್ಲಿ ಒಂದಂಕಿ ಬಿಟ್ಟಳು. ಆ ನಂಬರಿನ ನಾಯಿಯೇ ಇರಲಿಲ್ಲ. ಡೇಟಾಬೇಸ್ ಎಂದಿನಂತೆ 'ಓಕೆ' ಅಂದಿತು. ಅಳಿಸಿದರೂ ಓಕೆ, ಅಳಿಸಲು ಏನೂ ಸಿಗದಿದ್ದರೂ ಓಕೆ. ಪಟ್ಟಿಯಲ್ಲೇ ಉಳಿದ ಟಿಲ್ಲಿಗೆ ಅಂದೇ ಸೂಜಿ ಬಿತ್ತು. ಮರುದಿನ ಡ್ರೈವರು ಹೊಸ ಕೊರಳಪಟ್ಟಿ ಹಿಡಿದು ಬಂದಾಗ ಬಾಗಿಲಲ್ಲಿ ತಡೆದು ವಿಷಯ ಹೇಳಬೇಕಾದವಳು ಆರ್ಡಿತ್.

"ಎಷ್ಟು ಅಳಿಸಿದೆ ಅಂತ ಹೇಳೋಕೆ ಅದಕ್ಕೇನು ರೋಗ? 'ಓಕೆ, ಸೊನ್ನೆ'. ಅಷ್ಟೇ. ತಿದ್ದುಪಡಿ ನಾನೇ ಬರ್ದು ಕಳ್ಸಿದೀನಲ್ಲ."

"ಚೆನ್ನಾಗೇ ಬರ್ದಿದೀಯ. ಆದ್ರೆ ಗೋಧಿ ಕಣಜದ ತೂಕದ ಪ್ರೋಗ್ರಾಮುಗಳು ಬರೀ ಓಕೆಗೆ ಕಾಯ್ತವೆ. ಓಕೆ ಹಿಂದೆ ಇನ್ನೇನಾದ್ರೂ ಬಾಲ ಸೇರಿದ್ರೆ ಏನೋ ತಪ್ಪಾಯ್ತು ಅಂತ ಗೇಟು ಇಳಿಸಿಬಿಡ್ತವೆ. ಕೊಯ್ಲಿನ ಹೊತ್ತು, ರಸ್ತೆ ತುಂಬ ಲಾರಿ. ಆ ಪ್ರೋಗ್ರಾಮು ಬರ್ದೋರಲ್ಲಿ ಅರ್ಧ ಜನ ಸತ್ತೇ ಹೋಗಿದಾರೆ, ತಿದ್ದೋರು ಯಾರು?"

"ಸತ್ತೋರ ಪ್ರೋಗ್ರಾಮಿಗೆ ಮರ್ಯಾದೆ, ಬದುಕಿದ್ದ ನಾಯಿಗೆ ಸೂಜಿ. ಭಲೇ ನ್ಯಾಯ."

"ಬಾಯಿಗೆ ಬಂದಂಗೆ ಆಡ್ಬೇಡ ಮಾರಾಯ್ತಿ. ಉತ್ತರ ಬದಲಾಗಲ್ಲ ಅಂತ ಅವರಿಗೆಲ್ಲ ಮಾತು ಕೊಟ್ಟಿದೀನಿ."

"ಸುಳ್ಳು ಹೇಳ್ತಾನೇ ಇರ್ತೀನಿ ಅಂತ ಮಾತು ಕೊಟ್ಟಿದೀಯ."

ಆರ್ವಿಲ್ ಫೋರ್ಕು ಕೆಳಗಿಟ್ಟ. "ಬೇಕಾದೋರು ಸೆಟ್ಟಿಂಗ್ ಬದಲಾಯಿಸ್ಕೊಳ್ಲಿ, ಅವರಿಗೆ ಲೆಕ್ಕ ಹೇಳತ್ತೆ. ಮಿಕ್ಕೋರಿಗೆ ಮೊದಲಿನ ಹಾಗೇ."

"ಬದಲಾಯಿಸ್ಬೇಕು ಅಂತಾನೇ ಗೊತ್ತಿಲ್ದೋರು?"

"ಹೊಸದಾಗಿ ಹಾಕ್ಕೊಳ್ಳೋರಿಗೆ ತಾನಾಗೇ ಹೇಳ್ಲಿ. ಹಳಬರನ್ನ ಮುಟ್ಟಲ್ಲ. ಇದಕ್ಕಿಂತ ಮುಂದೆ ಬರಲ್ಲ ನಾನು."

ಅವನ ಮಾತಲ್ಲಿ ನ್ಯಾಯವಿತ್ತು. ಅವಳ ಹೊಟ್ಟೆ ಉರಿಸಿದ್ದೇ ಅದು.

ಡೇಟಾಬೇಸಿನ ಹೊಸ ಆವೃತ್ತಿ ಬಂದ ಬೆಳಿಗ್ಗೆ ಆರ್ಡಿತ್ ಸೆಟ್ಟಿಂಗ್ ಬದಲಾಯಿಸಿ, ಟಿಲ್ಲಿಯ ಅದೇ ಅರೆಬರೆ ನಂಬರು ಒತ್ತಿದಳು. 'ಓಕೆ, ಸೊನ್ನೆ' ಅಂದಿತು. ಹಿಂದೆಯೇ, ಪಂಜರಗಳ ಚೀಟಿ ಮುದ್ರಿಸುವ ಹಳೇ ಪ್ರೋಗ್ರಾಮು ಕೈಚೆಲ್ಲಿ ಕೂತಿತು. ಅದೂ ಬರೀ ಓಕೆಗೆ ಕಾಯುವ ಜಾತಿಯದೇ.

"ಮೊದಲಿನ ಹಾಗೇ ಮಾಡಿಬಿಡೇ," ಮ್ಯಾನೇಜರ್ ಲೊರೆಟಾ ಓಡಿ ಬಂದಳು. "ಚೀಟಿ ಇಲ್ದೆ ಯಾವ ನಾಯಿಗೆ ಯಾವ ಔಷಧಿ ಅಂತ ಹೇಗೆ ಗೊತ್ತಾಗ್ಬೇಕು?"

"ನಾನು ಬರೀತೀನಿ."

"ಕೈಯಲ್ಲಿ? ಎಲ್ಲಾನೂ?"

"ಆ ದರಿದ್ರ ಚೀಟಿ ಪ್ರೋಗ್ರಾಮನ್ನ ತಿದ್ದಿ ಮುಗಿಸೋ ತನಕ."

ಲೊರೆಟಾಳ ಜೇಬಿನಿಂದ ಪೆನ್ನು ಕಿತ್ತುಕೊಂಡು ಅವಳು ಪಂಜರಗಳ ಸಾಲಿಗೆ ನಡೆದಳು. ಟಿಲ್ಲಿಯ ಜಾಗದಲ್ಲಿ ಆಗಲೇ ಬೇರೊಂದು ನಾಯಿ. ಪೆನ್ನು ಒತ್ತಿದ ಒತ್ತಿಗೆ ಮೊದಲ ಚೀಟಿ ಹರಿಯಿತು. ನಾಯಿ ಅವಳನ್ನೇ ನೋಡಿ ಬೊಗಳತೊಡಗಿತು.

"ಬೊಗಳು," ಅಂದಳು ಆರ್ಡಿತ್, ಇನ್ನೊಂದು ಚೀಟಿ ತೆಗೆಯುತ್ತ. "ತಪ್ಪಾದ್ರೆ ನೀನಾದ್ರೂ ಬೊಗಳು."