ಏಳೂ ಹತ್ತು, ಏಳೂ ಹದಿನೈದು

ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವ ಅಕ್ಕ ಆವತ್ತು ಮಧ್ಯಾಹ್ನ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ವಿಚಾರಣೆಯ ಕೋಣೆಗೆ ಕರೆ ಬಂದಿತ್ತು. ಒಳಗೆ ಆಗಲೇ ತಲೆ ತಗ್ಗಿಸಿ ಕೂತಿದ್ದವಳು ಅವಳ ಸ್ವಂತ ತಂಗಿ, ಮೂರನೇ ಮಹಡಿಯ ನರ್ಸು. ಹೃದ್ರೋಗದ ಮುದುಕರೊಬ್ಬರಿಗೆ ಐದೇ ನಿಮಿಷದಲ್ಲಿ ಎರಡು ಸಲ ಮಾತ್ರೆ ಕೊಟ್ಟಳು, ಅದಕ್ಕೇ ಅವರು ಪ್ರಜ್ಞೆ ತಪ್ಪಿದರು ಎಂದು ಆರೋಪ. ಸಾಬೀತಾದರೆ ಅವಳು ಇನ್ನೆಲ್ಲೂ ನರ್ಸಾಗುವಂತಿರಲಿಲ್ಲ.

ಮೇಜಿನ ಮೇಲೆ ಲಾಗಿನ, ಅಂದರೆ ಮಾತ್ರೆ ಕೊಟ್ಟ ಹೊತ್ತನ್ನು ಕಂಪ್ಯೂಟರಿನಲ್ಲಿ ಬರೆದಿಡುವ ದಾಖಲೆಯ, ಪ್ರತಿಯಿತ್ತು. ಅದರಲ್ಲಿ ಎರಡು ಸಾಲು: ಏಳೂ ಹತ್ತು, ಏಳೂ ಹದಿನೈದು. ನೋಡುತ್ತಲೇ ಅಕ್ಕನಿಗೆ ತಾನು ಮಾಡಿಟ್ಟ ಕೆಲಸ ನೆನಪಾಯಿತು.

ಎರಡು ವರ್ಷದ ಹಿಂದೆ, ಲಾಗಿನಲ್ಲಿ ಸಮಯವನ್ನು ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಬರೆಯೋಣ ಎಂದು ಜೊತೆಯವನೊಬ್ಬ ಬಡಕೊಂಡಿದ್ದ. "ಹತ್ತೊಂಬತ್ತು ಗಂಟೆ ಅಂತ ಯಾರ ಮನೆ ಗಡಿಯಾರದಲ್ಲಿದೆಯಪ್ಪ?" ಎಂದು ಈ ಮಹಾತಾಯಿ ನಕ್ಕಿದ್ದಳು. ಕಾಗದದ ಮೇಲೆ ಸಾಲು ಉದ್ದವಾಗುತ್ತದೆಂದು ಬೆಳಿಗ್ಗೆ, ಸಂಜೆ ಎಂಬ ಗುರುತನ್ನೂ ಕಿತ್ತುಹಾಕಿದ್ದಳು. ಸಾಲದ್ದಕ್ಕೆ ವಾರಕ್ಕೊಮ್ಮೆ ಆಯಾ ದಿನದ ಸಾಲುಗಳನ್ನು ಗಂಟೆಯ ಪ್ರಕಾರ ಜೋಡಿಸಿಟ್ಟು, ಅವು ಬಂದ ಮೂಲ ಕ್ರಮವನ್ನು ಅಳಿಸುವ ಅಚ್ಚುಕಟ್ಟು ಬೇರೆ. ಯಾವ ಸಾಲಿನ ಮುಂದೆ ಯಾವುದಿತ್ತೆಂದು ಈಗ ದೇವರಿಗೇ ಗೊತ್ತು.

"ನಾನು ಒಂದು ಬೆಳಿಗ್ಗೆ ಕೊಟ್ಟೆ, ಇನ್ನೊಂದು ಸಂಜೆ ಕೊಟ್ಟೆ ಸರ್," ಎಂದಳು ತಂಗಿ, ವಿಚಾರಣೆ ನಡೆಸುತ್ತಿದ್ದ ಮುಖ್ಯ ವೈದ್ಯರಿಗೆ.

ಒಪ್ಪಿಕೊಂಡರೆ ತನ್ನ ಕೆಲಸ ಹೋಗುವುದು ಖಂಡಿತ ಎಂದು ಅಕ್ಕನಿಗೆ ಗೊತ್ತಿತ್ತು. ಆದರೂ ಬಾಯಿಬಿಟ್ಟಳು. "ತಪ್ಪು ನಂದು ಸರ್. ಲಾಗಲ್ಲಿ ಬೆಳಿಗ್ಗೆ ಏಳು, ಸಂಜೆ ಏಳು ಎರಡೂ ಒಂದೇ ಥರ ಕಾಣುತ್ತೆ. ಹಾಗೆ ಇಟ್ಟಿದ್ದು ನಾನೇ."

ಮುಖ್ಯ ವೈದ್ಯರು ಕನ್ನಡಕ ತೆಗೆದರು. "ಸರಿ, ಇವೆರಡರಲ್ಲಿ ಬೆಳಿಗ್ಗೇದು ಯಾವುದು? ತೋರಿಸಮ್ಮ."

ತೋರಿಸಲು ಏನಿತ್ತು? ಮೂಲ ಅಳಿಸಿದವಳೂ ತಾನೇ.

"ಅಕ್ಕ ಅಂದಮೇಲೆ ತಂಗಿ ಪರ ಮಾತಾಡೋದು ಸಹಜ ಬಿಡಿ," ಎಂದು ಅವರು ಇಬ್ಬರನ್ನೂ ಹೊರಗೆ ಕೂರಲು ಹೇಳಿದರು.

ಹೊರಗಿನ ಬೆಂಚಿನ ಮೇಲೆ ತಂಗಿ ಅವಳ ಕೈ ಹಿಡಿದುಕೊಂಡಳು. "ಯಾರು ಏನಾದ್ರೂ ಅಂದ್ಕೊಳ್ಳಲಿ ಅಕ್ಕ. ನೀನು ನನ್ನ ನಂಬ್ತೀಯಲ್ಲ?"

ಆ ವಾರ ತಂಗಿ ಬಿಡುವಿಲ್ಲದೆ ದುಡಿದಿದ್ದಳು. ಒಂದು ದಿನ ಮನೆಯಲ್ಲಿ ನಿದ್ದೆಗಣ್ಣಲ್ಲಿ ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದಳು. ಬೇಡವೆಂದರೂ ಅದೇ ನೆನಪಾಯಿತು. ಅಲ್ಲಿಯವರೆಗೂ ಅಕ್ಕ ಹೆದರಿದ್ದು ಕೆಲಸಕ್ಕೆ, ಮಾನಕ್ಕೆ. ಈಗ ಹುಟ್ಟಿದ ಹೆದರಿಕೆಯೇ ಬೇರೆ: ಮಾತ್ರೆಯನ್ನೂ ಹಾಗೇ ಎರಡು ಸಲ ಕೊಟ್ಟಿದ್ದರೆ?

"ನಂಬ್ತೀನಿ ಕಣೇ," ಎಂದಳು.

ಹೇಳುವುದು ತುಸು ತಡವಾಗಿತ್ತು. ತಂಗಿ ಮೆಲ್ಲಗೆ ಕೈ ಬಿಟ್ಟಳು.