ಗುಳಿಬಿದ್ದ ಕೆನ್ನೆ

ಹಲ್ಲಿನ ಸೆಟ್ಟು ಕಟ್ಟುವುದು ಅವನ ಕಸುಬು. ಸಂಜೆ ಅಂಗಡಿ ಮುಚ್ಚಿದ ಮೇಲೆ ಚಿತ್ರಕಲೆಯ ತರಗತಿಗೆ ಹೋಗುತ್ತಿದ್ದ. ಅಲ್ಲಿ ಮೇಷ್ಟ್ರದ್ದು ಒಂದೇ ನಿಯಮ: ಹಳೆಯ ಕಾಲದ ಒಂದು ತೈಲಚಿತ್ರವನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಬೇಕು. ಅದು ಪ್ರದರ್ಶನದ ಗೋಡೆ ಏರಿದರೆ ಮಾತ್ರ ಜೀವಂತ ಮನುಷ್ಯರನ್ನು ಕೂರಿಸಿಕೊಂಡು ಬರೆಯಲು ಅಪ್ಪಣೆ. ಅವನಿಗೆ ಹೆಂಡತಿಯ ಮುಖ ಬರೆಯುವ ಆಸೆ. ಅದನ್ನು ಅವಳಿಗೆ ಹೇಳಿಯೂ ಬಿಟ್ಟಿದ್ದ, ಇನ್ನು ಹಿಂದೆಗೆಯುವಂತಿರಲಿಲ್ಲ.

ಅವನ ಪಾಲಿಗೆ ಬಂದದ್ದು ಕಪ್ಪು ನಿಲುವಂಗಿ ತೊಟ್ಟ ಮುದಿ ವ್ಯಾಪಾರಿಯೊಬ್ಬನ ಚಿತ್ರ. ಬಾಯಲ್ಲಿ ಒಂದೂ ಹಲ್ಲಿಲ್ಲವೆಂದು ತುಟಿ ನೋಡಿದರೇ ಗೊತ್ತಾಗುತ್ತಿತ್ತು. ಮೊದಲು ಕಂದು ಬಣ್ಣದಲ್ಲಿ ನೆರಳು ಹಚ್ಚಿ, ಅದು ಒಣಗಿದ ಮೇಲೆ ಮೈಬಣ್ಣವನ್ನು ತೆಳುವಾಗಿ ಏರಿಸುತ್ತ ಹೋಗಬೇಕು. ಅವನ ಕೈ ಕೆನ್ನೆಗೆ ಬಂದಾಗಲೆಲ್ಲ ತನ್ನಷ್ಟಕ್ಕೆ ಹಳ್ಳ ತುಂಬಿಬಿಡುತ್ತಿತ್ತು. ಕಂಡದ್ದನ್ನು ಬರೀರಿ, ರಿಪೇರಿ ಮಾಡಬೇಡಿ ಎಂದು ಗದರುತ್ತ ಮೇಷ್ಟ್ರು ಬಣ್ಣ ಕೆರೆದು ತೆಗೆಯುತ್ತಿದ್ದರು. ವರ್ಷವೆಲ್ಲ ಹೆಣಗಿದ ಮೇಲೆ ಕೆನ್ನೆ ಸರಿಯಾಗಿ ಗುಳಿಬಿತ್ತು. ಮೇಷ್ಟ್ರು ಬೆನ್ನು ತಟ್ಟಿ, ಪ್ರದರ್ಶನದ ಹೊತ್ತಿಗೆ ಚೆನ್ನಾಗಿ ಒಣಗಲಿ ಎಂದರು.

ಮನೆಯಲ್ಲಿಟ್ಟರೆ ಅಡುಗೆಯ ಹೊಗೆ. ಹಾಗಾಗಿ ಅಂಗಡಿಯಲ್ಲಿ, ಗಿರಾಕಿ ಕೂರುವ ಕುರ್ಚಿಯ ಎದುರಿಗೇ ತೂಗುಹಾಕಿದ.

ಅಳತೆ ಕೊಡಲು ಬಾಯಿ ತೆರೆದ ಅಜ್ಜಿಯೊಬ್ಬಳು ಚಿತ್ರ ನೋಡಿ ಮುಚ್ಚಿಕೊಂಡಳು.

"ಇವ್ರಿಗೂ ನೀನೇ ಕಟ್ಕೊಟ್ಟಿದ್ದೇನಪ್ಪಾ?"

ಇವರು ಯಾವ ಕಾಲದವರೋ, ಸತ್ತು ಎಷ್ಟೋ ತಲೆಮಾರಾಯಿತು ಎಂದು ಅವನು ಸಮಾಧಾನ ಹೇಳಿದ. ಸತ್ತರೆಂಬುದು ಅಜ್ಜಿಗೆ ಇನ್ನಷ್ಟು ಕೆಟ್ಟ ಸುದ್ದಿಯಾಯಿತು. ಮಗಳನ್ನು ಕೇಳಿ ಬರುತ್ತೇನೆಂದು ಎದ್ದಳು. ಆ ವಾರ ಯಾರ್ಯಾರನ್ನೋ ಕೇಳಿ ಬರಲು ಹೋದ ಗಿರಾಕಿಗಳಲ್ಲಿ ಒಬ್ಬರೂ ಹಿಂತಿರುಗಲಿಲ್ಲ.

ಊಟದ ಡಬ್ಬಿ ತಂದ ಹೆಂಡತಿ ಗಿರಾಕಿಗಳು ಕಾಯುವ ಖಾಲಿ ಬೆಂಚನ್ನೂ ಗೋಡೆಯನ್ನೂ ನೋಡಿದಳು.

"ನನ್ನ ಮುಖ ನಿಧಾನಕ್ಕಾಗ್ಲಿ ಬಿಡಿ. ಮೊದ್ಲು ಈ ಯಜಮಾನ್ರಿಗೆ ಹಲ್ಲು ಕಟ್ಟಿ. ಇವ್ರನ್ನ ನೋಡಿದ್ರೆ ನಿಮ್ಮ ಹತ್ರ ಬಾಯಿ ತೋರ್ಸೋಕೆ ನಂಗೇ ಭಯ ಆಗುತ್ತೆ."

ಅವನು ಕುಂಚ ತೆಗೆದ. ಗುಳಿ ಬೀಳಲು ವರ್ಷ ಹಿಡಿದ ಕೆನ್ನೆ ತುಂಬಲು ಒಂದು ಮಧ್ಯಾಹ್ನ ಸಾಕಾಯಿತು. ವ್ಯಾಪಾರಿ ಆಗಷ್ಟೇ ಒಳ್ಳೇ ಲಾಭ ಮಾಡಿ ಬಂದವನ ಹಾಗೆ ಕಂಡ. ಬೆಂಚು ಮತ್ತೆ ತುಂಬಿತು.

ಚಿತ್ರ ಒಯ್ಯಲು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು. ಅಷ್ಟು ಜನರೆದುರು ಕೂಗಾಡಲಾಗದೆ ಬೈಗುಳವನ್ನೆಲ್ಲ ಪಿಸುಮಾತಿನಲ್ಲೇ ಮುಗಿಸಿದರು. ಪ್ರದರ್ಶನದ ಗೋಡೆಯೂ ಇಲ್ಲ, ಹೆಂಡತಿಯ ಚಿತ್ರವೂ ಇಲ್ಲ. ಇನ್ನೊಂದು ವರ್ಷ, ಮೊದಲಿನಿಂದ ಇನ್ನೊಂದು ನಕಲು.

ಅವನು ಕೈಗಂಟಿದ ಹಲ್ಲಿನ ಅಚ್ಚಿನ ಮೇಣ ಒರೆಸಿಕೊಳ್ಳುತ್ತ ತಲೆಯಾಡಿಸಿದ.

"ಆಗ್ಲಿ ಮೇಷ್ಟ್ರೇ. ಆದ್ರೆ ಈ ಸಲ ಹಲ್ಲಿರೋರನ್ನ ಕೊಡಿ."